ನಿಂಬೆಹಣ್ಣಿನ ಮೇಜುಬಟ್ಟೆ

ನ್ಯೂರೆಂಬರ್ಗ್
16 ಸೆಪ್ಟೆಂಬರ್ 2024

ಅಮ್ಮ,

ಫೋನಿನಲ್ಲಿ ನೀನು "ಹ್ಞಾಂ, ಹ್ಞಾಂ" ಅಂದಾಗಲೆಲ್ಲ ನಿನಗೆ ಒಂದಕ್ಷರವೂ ಕೇಳಿಸಿಲ್ಲ ಎಂದು ನನಗೆ ಗೊತ್ತಾಗುತ್ತದೆ. ಭಾನುವಾರ ನಾನು ಆಫೀಸಿನ ತಾಪತ್ರಯ ಹೇಳಿಕೊಳ್ಳುತ್ತಿದ್ದರೆ ನೀನು "ಸರಿ ಹಾಗಾದ್ರೆ, ಬೆಚ್ಚಗೆ ಏನಾದ್ರೂ ಹಾಕ್ಕೋ" ಎಂದು ಫೋನ್ ಇಟ್ಟೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು, ಕೂತು, ಪೂರ್ತಿ ಓದು.

ನಾನು ಇಲ್ಲಿ ಏನು ಕೆಲಸ ಮಾಡುತ್ತೇನೆ ಎಂದರೆ ನೀನು ಪಕ್ಕದ ಮನೆ ಪುರಿಗೆ "ಕಂಪ್ಯೂಟರ್ ಮುಂದೆ ಕೂರ್ತಾಳೆ" ಎನ್ನುತ್ತೀಯ. ಅಷ್ಟೇ ಅಲ್ಲ. ನಮ್ಮ ಕಂಪನಿ ಶೂ ಮಾರುತ್ತದೆ. ಮಾರುವವರು ಅದನ್ನು ಹೊಲಿದವರು ಯಾರು, ಎಲ್ಲಿ, ಯಾವ ಸ್ಥಿತಿಯಲ್ಲಿ ಎಂದು ತಿಳಿದಿರಬೇಕು ಎಂದು ಜರ್ಮನಿಯಲ್ಲಿ ಒಂದು ಕಾನೂನು ಇದೆ. ಬ್ರಸೆಲ್ಸ್‌ನಿಂದ ಇಡೀ ಯುರೋಪಿಗೆ ಅದಕ್ಕಿಂತ ದೊಡ್ಡದು ಬರುತ್ತಿದೆ. ಹಾಗಾಗಿ ನಾನು ನಮಗೆ ಶೂ ಮಾಡಿಕೊಡುವವರಿಗೆಲ್ಲ ನೂರಾ ಹನ್ನೆರಡು ಪ್ರಶ್ನೆಗಳ ಒಂದು ನಮೂನೆ ಕಳಿಸುತ್ತೇನೆ. ಅವರು ತುಂಬುತ್ತಾರೆ. ನಾನು ಓದಿ ಸಹಿ ಹಾಕುತ್ತೇನೆ.

ನಮಗೆ ಹೆಂಗಸರ ಬೂಟು ಮಾಡಿಕೊಡುವವನು ನಮ್ಮೂರು ಎಲ್ಡಾದ ಎಲಿಸೇಯೊ. ಹೌದು, ನಿಮ್ಮ ಎಲಿಸೇಯೊನೇ. ಅವನ ನಮೂನೆಯಲ್ಲಿ ಒಂಬತ್ತನೇ ಪ್ರಶ್ನೆ: "ಕಾರ್ಖಾನೆಯ ಹೊರಗೆ, ಮನೆಗಳಲ್ಲಿ ಕೆಲಸ ನಡೆಯುತ್ತದೆಯೇ?" ಅವನ ಉತ್ತರ: "ಇಲ್ಲ."

ನಾನು ಹುಟ್ಟಿದಾಗಿನಿಂದ ನಿದ್ದೆ ಮಾಡಿದ್ದು ನಿನ್ನ ಹೊಲಿಗೆ ಯಂತ್ರದ ಸದ್ದಿನಲ್ಲಿ. ಅವನ ವ್ಯಾನು ನಿನಗೆ ಹೊಲಿಯಲು ಚರ್ಮದ ತುಂಡುಗಳ ಚೀಲ ಇಳಿಸುವುದನ್ನು ಕಿಟಕಿಯಲ್ಲಿ ನಿಂತು ನೋಡಿದ್ದೇನೆ. ಹೋದ ವರ್ಷವೂ ಅವನು "ಇಲ್ಲ" ಎಂದೇ ಬರೆದಿದ್ದ. ಹೋದ ವರ್ಷ ಅದರ ಕೆಳಗೆ ಸಹಿ ಹಾಕಿದವಳು ನಾನೇ ಅಮ್ಮ. ಈ ವರ್ಷ ಕೈ ಬರುತ್ತಿಲ್ಲ. ಏನು ಮಾಡಲಿ ಹೇಳು.

ನಿನ್ನ
ರಾಕೆಲ್


ಎಲ್ಡಾ
2 ಅಕ್ಟೋಬರ್ 2024

ಪ್ರೀತಿಯ ಮಗಳೇ,

ಕನ್ನಡಕ ಹಾಕಿಕೊಂಡೆ, ಕೂತೆ, ಪೂರ್ತಿ ಓದಿದೆ. ಎರಡು ಸಲ ಓದಿದೆ. ನಿನಗೆ ತಲೆ ನೆಟ್ಟಗಿದೆಯಾ?

ಏನೂ ಮಾಡಬೇಡ. ಸಹಿ ಹಾಕಿ ಊಟ ಮಾಡಿ ಮಲಗು. ಎಲಿಸೇಯೊನಿಂದ ನಿಮ್ಮವರು ಬೂಟು ತರಿಸುವುದು ನಿಲ್ಲಿಸಿದರೆ ಅವನ ಡ್ರೈವರ್ ತಾನೊ ವ್ಯಾನಿನಲ್ಲಿ ಚೀಲ ತರುವುದು ನಿಲ್ಲುತ್ತದೆ. ಈ ಬೀದಿ, ಹಿಂದಿನ ಬೀದಿ ಸೇರಿ ನಾವು ಹನ್ನೊಂದು ಜನ ಹೆಂಗಸರು. ಪುರಿಯ ಗಂಡ ಬೆನ್ನು ಮುರಿದುಕೊಂಡು ಸೋಫಾದಲ್ಲಿ ಬಿದ್ದಿದ್ದಾನೆ. ಫೆಲಿಸಾಳ ಮನೆಯಲ್ಲಿ ಅವಳ ಮಿಷನ್ ಬಿಟ್ಟರೆ ಇನ್ನೇನೂ ಓಡುತ್ತಿಲ್ಲ. ನಿನ್ನ ಕೈ ಬರುವುದಿಲ್ಲ ಎಂದು ಅವರ ಕೈ ಕಟ್ಟಿಹಾಕುತ್ತೀಯಾ?

ಇಷ್ಟು ಬರೆದು ಮೂರು ದಿನ ಹಾಗೇ ಇಟ್ಟಿದ್ದೆ. ಈಗ ಉಳಿದದ್ದನ್ನು ಬರೆಯುತ್ತೇನೆ.

ಆಗಸ್ಟಿನಲ್ಲಿ ಪಿಂಚಣಿ ಕಚೇರಿಗೆ ಹೋಗಿದ್ದೆ. ನಿನಗೆ ಹೇಳಿರಲಿಲ್ಲ. ಅಲ್ಲೊಂದು ಹುಡುಗಿ, ಉಗುರಿಗೆ ಚೆಂದದ ಬಣ್ಣ ಹಚ್ಚಿಕೊಂಡಿದ್ದಳು, ಒಳ್ಳೆಯವಳೇ ಪಾಪ. ಕಂಪ್ಯೂಟರ್ ನೋಡಿ ಅಂದಳು: "ಅಮ್ಮಾ, ನೀವು ಕೆಲಸ ಮಾಡಿರೋದು ಮೂರು ವರ್ಷ ಎಂಟು ತಿಂಗಳು."

"ಅದು ಫ್ಯಾಕ್ಟರೀಲಿ, ಮಗಳು ಹುಟ್ಟೋಕೆ ಮುಂಚೆ. ಆಮೇಲೆ ಮೂವತ್ತೆಂಟು ವರ್ಷ ಮನೇಲಿ ಹೊಲ್ದಿದೀನಲ್ಲ," ಅಂದೆ.

"ಅದಕ್ಕೆ ಕಾಗದ ಇದ್ಯಾ?"

ಕಾಗದ ಎಲ್ಲಿಂದ ತರಲಿ? ನನ್ನ ಬಲಗಿವಿ ಹೋಗಿದೆ, ಅದು ಕಾಗದವಾ? ಅವಳ ಕಾಲಲ್ಲಿದ್ದ ಬೂಟು ನೋಡಿದೆ, ರಾಕೆಲ್. ಪಕ್ಕದ ಅಂಚಿನ ತಿರುವಿನಲ್ಲಿ ಎರಡು ಹೊಲಿಗೆ ಒತ್ತೊತ್ತಾಗಿ ಹಾಕುವುದು ನಮ್ಮ ಬೀದಿಯವರು ಮಾತ್ರ. ನಾನು ಅಥವಾ ಪುರಿ ಹೊಲಿದ ಬೂಟು ಅದು. ಹೇಳಲಿಲ್ಲ. ಥ್ಯಾಂಕ್ಸ್ ಹೇಳಿ ಎದ್ದು ಬಂದೆ. ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ: ಹಾಗಾದರೆ ಮೂವತ್ತೆಂಟು ವರ್ಷ ನಾನು ನಿದ್ದೆ ಮಾಡುತ್ತಿದ್ದೆನಾ?

ಆದರೂ ಸಹಿ ಹಾಕಿಬಿಡು.

ಅಮ್ಮ


ನ್ಯೂರೆಂಬರ್ಗ್
11 ನವೆಂಬರ್ 2024

ಅಮ್ಮ,

ನಾನು ಸಹಿ ಹಾಕಿಲ್ಲ. ಗಡುವು ಕೇಳಿಕೊಂಡೆ. ನನ್ನ ಮೇಲಿನವಳು ಗುಡ್ರುನ್ ಮುಖ ಸಿಂಡರಿಸಿದಳು, ಕೊಟ್ಟಳು.

ಕಾನೂನು ಮತ್ತೆ ಓದಿದೆ. ತಪ್ಪು ಸಿಕ್ಕಿದ ತಕ್ಷಣ ಕಂಪನಿ ಕೈತೊಳೆದುಕೊಂಡು ಬೇರೆಡೆಗೆ ಓಡಬಾರದು, ಮೊದಲು ಅದನ್ನು ಸರಿಪಡಿಸಬೇಕು ಎಂದಿದೆ. ಎಲಿಸೇಯೊ ನಿಮ್ಮನ್ನು ಕೆಲಸಗಾರರೆಂದು ದಾಖಲು ಮಾಡಿಕೊಳ್ಳಬೇಕು, ಅದಕ್ಕೆ ನಾವು ಅವನಿಗೆ ಕಾಲಾವಕಾಶ ಕೊಡಬೇಕು. ಕಾಗದದ ಮೇಲಾದರೂ ಹಾಗೆ.

ಇನ್ನೊಂದು ವಿಷಯ. ಎಲ್ಚೆಯಲ್ಲಿ ನಿಮ್ಮಂತೆ ಮನೆಯಲ್ಲಿ ಹೊಲಿಯುವ ಹೆಂಗಸರ ಪರ ವಾದಿಸುವ ವಕೀಲೆಯೊಬ್ಬಳ ಹತ್ತಿರ ಮಾತಾಡಿದೆ. "ಶೂ ಕೊಳ್ಳೋ ಕಂಪನಿಯವರೇ ಬಂದು ನೋಡಿ, ಈ ಮನೇಲಿ ಇಂಥವಳು ಕೆಲಸ ಮಾಡ್ತಾಳೆ ಅಂತ ವರದಿ ಬರೆದ್ರೆ, ಅದೊಂದು ಹಾಳೆ ಸಾಕು ನಂಗೆ. ಕೋರ್ಟಲ್ಲಿ ನಿಂತ್ಕೊಳ್ಳೋಕೆ ಜಾಗ ಸಿಗುತ್ತೆ," ಎಂದಳು.

ಕಾಗದ ಇದ್ಯಾ ಎಂದು ಆ ಹುಡುಗಿ ಕೇಳಿದಳಲ್ಲ. ಇದೇ ಆ ಕಾಗದ ಅಮ್ಮ. ನಮೂನೆಯ ಖಾಲಿ ಪ್ರತಿಗಳನ್ನು ಜೊತೆಗೆ ಇಟ್ಟಿದ್ದೇನೆ. ಎಲ್ಲರನ್ನೂ ಕೂರಿಸಿಕೊಂಡು ತುಂಬಿಸು. ಇಷ್ಟವಿಲ್ಲದವರನ್ನು ಬಲವಂತ ಮಾಡಬೇಡ. ತುಂಬಿ ಕಳಿಸಿದರೆ ವಲೆನ್ಸಿಯಾದಿಂದ ಒಬ್ಬ ಹೆಂಗಸು ನೋಡಲು ಬರುತ್ತಾಳೆ. ಅವಳು ಸರ್ಕಾರದ ಇನ್ಸ್‌ಪೆಕ್ಟರ್ ಅಲ್ಲ. ನಮ್ಮವಳು.

ರಾಕೆಲ್


ಎಲ್ಡಾ
7 ಜನವರಿ 2025

ಮಗಳೇ,

ಹಬ್ಬಕ್ಕೆ ನೀನು ಬರಲಿಲ್ಲ. ಮೂರು ರಾಜರ ಹಬ್ಬದ ರೊಟ್ಟಿಯೊಳಗೆ ಬಚ್ಚಿಡುವ ಅವರೆಕಾಳು ನನಗೇ ಸಿಕ್ಕಿತು, ಈ ವರ್ಷವೂ ರೊಟ್ಟಿಯ ಖರ್ಚು ನನ್ನದೇ.

ನಿನ್ನ ನಮೂನೆ ತುಂಬಿದ್ದೇವೆ. ಹನ್ನೊಂದರಲ್ಲಿ ಏಳು ಜನ ಬಂದರು. ಅಡುಗೆಮನೆಯಲ್ಲಿ ಕುರ್ಚಿ ಸಾಲದೆ ಇಬ್ಬರು ಚೀಲಗಳ ಮೇಲೆ ಕೂತರು. ನಾನು ಓದುತ್ತಾ ಹೋದೆ.

"ಪ್ರಶ್ನೆ ಹದಿನೆಂಟು. ಬೆಂಕಿ ಬಿದ್ದರೆ ಹೊರಗೆ ಹೋಗುವ ದಾರಿಗೆ ಫಲಕ ಹಾಕಲಾಗಿದೆಯೇ?"

"ಬಾಗ್ಲು ಕಣೇ ಅದು," ಎಂದಳು ಪುರಿ. "ನನ್ನ ಮನೆ ಬಾಗ್ಲು ನಂಗೇ ಗೊತ್ತಾಗ್ದೆ ಇರತ್ತಾ?"

"ಪ್ರಶ್ನೆ ಇಪ್ಪತ್ತಮೂರು. ಕೆಲಸಗಾರರು ದೂರು ಹೇಳಿಕೊಳ್ಳಲು ವ್ಯವಸ್ಥೆ ಇದೆಯೇ?"

"ಇದೆ, ನನ್ನ ಗಂಡ. ದಿನಾ ಹೇಳ್ತೀನಿ. ಅವ್ನು ಟೀವಿ ನೋಡ್ತಾನೆ," ಎಂದಳು ಪುರಿಯೇ.

ಎಲ್ಲರೂ ನಕ್ಕು ಸುಸ್ತಾದೆವು. ಮೂವತ್ತೊಂದನೆಯದು ಅಂಟಿನ ಬಗ್ಗೆ: ಅದರ ಹಬೆಯಿಂದ ಯಾರಿಗಾದರೂ ತೊಂದರೆಯಾಗಿದೆಯೇ? ಅಲ್ಲಿಯವರೆಗೂ ಬಾಯಿ ಬಿಡದಿದ್ದ ಫೆಲಿಸಾ ಕೇಳಿದಳು: "ನನ್ನ ಕಾಲು ಜೋಮು ಹಿಡ್ದಿದ್ದು, ಎರಡು ವರ್ಷ ನಡೆಯೋಕೆ ಆಗ್ದೇ ಇದ್ದಿದ್ದು, ಅದನ್ನ ಅಲ್ಲಿ ಬರೀಬಹುದಾ? ಬರೆದ್ರೆ ಯಾರಾದ್ರೂ ಓದ್ತಾರಾ?" ನಾನು ಬರೆದುಕೊಂಡೆ. ಖಾಲಿ ಗೆರೆ ಎರಡೇ ಇತ್ತು, ಅಂಚಿನಲ್ಲೂ ಬರೆದೆ.

ನಲವತ್ತೊಂದನೇ ಪ್ರಶ್ನೆ: "ಹದಿನೈದು ವರ್ಷಕ್ಕಿಂತ ಚಿಕ್ಕ ಮಕ್ಕಳು ಕೆಲಸ ಮಾಡುತ್ತಾರೆಯೇ, ಮಾಡಿದ್ದಾರೆಯೇ?" ನಿಜ ಬರೆಯಬೇಕು ಎಂದು ನೀನೇ ಹೇಳಿದ್ದೀಯಲ್ಲ. "ಈಗ ಇಲ್ಲ. 1994ರಿಂದ 1998ರವರೆಗೆ ಒಬ್ಬಳು. ಹೆಸರು ರಾಕೆಲ್. ಸ್ಕೂಲಿನಿಂದ ಬಂದ ಮೇಲೆ ದಾರದ ತುದಿ ಕತ್ತರಿಸುತ್ತಿದ್ದಳು, ಪಟ್ಟಿಗಳಿಗೆ ಅಂಟು ಹಚ್ಚುತ್ತಿದ್ದಳು. ಚುರುಕಾಗಿ ಮಾಡುತ್ತಿದ್ದಳು." ಅದನ್ನು ಬರೆಯುವಾಗ ನನಗೆ ನಾಚಿಕೆಯಾಯಿತು. ಆಗ ಆಗಿರಲಿಲ್ಲ. ಆಗ ನೀನು ನನ್ನ ಪಕ್ಕ ಕೂತಿರುತ್ತಿದ್ದೆಯಲ್ಲ, ಖುಷಿಯೇ ಆಗುತ್ತಿತ್ತು.

ಏಳು ಜನರೂ ಹೆಸರು, ವಿಳಾಸ, ಎಷ್ಟನೇ ಇಸವಿಯಿಂದ ಎಂದು ಬರೆದು ಸಹಿ ಹಾಕಿದ್ದೇವೆ. ಅಂಚೆಗೆ ಹಾಕಿ ಬಂದೆ. ಬರಲಿ ಬಿಡು ನಿಮ್ಮ ವಲೆನ್ಸಿಯಾದವಳು.

ಅಮ್ಮ


ನ್ಯೂರೆಂಬರ್ಗ್
3 ಫೆಬ್ರವರಿ 2025

ಅಮ್ಮ,

ಎಲ್ಲ ತಲುಪಿತು. ಇಲ್ಲಿ ಈಗ ಯಾರೂ ಕಾಗದದಲ್ಲಿ ಕಳಿಸುವುದಿಲ್ಲ, ಟಪಾಲು ನೋಡಿಕೊಳ್ಳುವ ಮುದುಕ ಬೆರಗಾಗಿ ಹಾಳೆ ಹಾಳೆಗೂ ಕಂಪನಿಯ ಮುದ್ರೆ ಒತ್ತಿ, ತಾರೀಖು ಹಾಕಿ ತಂದುಕೊಟ್ಟ.

ನಲವತ್ತೊಂದನೇ ಉತ್ತರ ಓದಿ ನಗು ಬಂತು. ಆಮೇಲೆ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡೆ. ನಾಚಿಕೆ ಪಡಬೇಡ. ನನಗೂ ಖುಷಿಯೇ ಆಗುತ್ತಿತ್ತು.

ಅವಳು 18ನೇ ತಾರೀಖು ಮಂಗಳವಾರ ಬೆಳಿಗ್ಗೆ ಬರುತ್ತಾಳೆ. ನೀವು ಏನೂ ವಿಶೇಷ ಮಾಡಬೇಡಿ. ದಿನವೂ ಹೇಗೆ ಹೊಲಿಯುತ್ತೀರೋ ಹಾಗೇ ಹೊಲಿಯುತ್ತಿರಿ. ಅವಳು ನೋಡಬೇಕಾದ್ದು ಅಷ್ಟೇ.

ರಾಕೆಲ್


ಎಲ್ಡಾ
20 ಫೆಬ್ರವರಿ 2025

ರಾಕೆಲ್,

ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಂಗಳವಾರ ಬೆಳಿಗ್ಗೆ ಎಂಟಕ್ಕೇ ಹೊಲಿಯಲು ಕೂತಿದ್ದೆ. ಒಳ್ಳೆಯ ಏಪ್ರನ್ ಕಟ್ಟಿಕೊಂಡಿದ್ದೆ. ಅವಳು ಬೇಕರಿಯಲ್ಲಿ ನಮ್ಮ ಬೀದಿ ಯಾವುದು ಎಂದು ಕೇಳಿದ್ದಾಳೆ. ಕೈಯಲ್ಲಿ ಫೈಲು, ಕುತ್ತಿಗೆಯಲ್ಲಿ ಗುರುತಿನ ಚೀಟಿ. ಬೇಕರಿಯವಳು ಪುರಿಗೆ ಫೋನ್ ಮಾಡಿದಳು. ಅವಳಿಗೇನು ಗೊತ್ತು, ಇನ್ಸ್‌ಪೆಕ್ಟರ್ ಬಂದರೆ ನಲವತ್ತು ವರ್ಷದಿಂದ ಮಾಡುವುದನ್ನೇ ಮಾಡಿದಳು. ಪುರಿ ಗೋಡೆಗೆ ಮೂರು ಸಲ ಗುದ್ದಿ "ಬಂದ್ರು! ಬಂದ್ರು!" ಎಂದು ಕೂಗಿದಳು.

ನನ್ನ ಕೈ ಎದ್ದಿತು. ನಾನು ಎಬ್ಬಿಸಲಿಲ್ಲ ಮಗಳೇ, ತಾನಾಗಿ ಎದ್ದಿತು. ನಿಮ್ಮಪ್ಪ ಮಾಡಿಕೊಟ್ಟ ಮರದ ಪೆಟ್ಟಿಗೆಯನ್ನು ಮಿಷನ್ ಮೇಲೆ ಕವುಚಿದೆ. ಅದರ ಮೇಲೆ ನಿಂಬೆಹಣ್ಣಿನ ಚಿತ್ರದ ಮೇಜುಬಟ್ಟೆ. ಅದರ ಮೇಲೆ ಹಣ್ಣಿನ ಬಟ್ಟಲು. ಚೀಲ ಮಂಚದ ಕೆಳಗೆ, ಅಂಟಿನ ಡಬ್ಬ ಬಾಲ್ಕನಿಗೆ, ಕಿಟಕಿ ತೆಗೆದೆ, ಅಂಟಿನ ವಾಸನೆ ಮುಚ್ಚಲು ಒಲೆಯ ಮೇಲೆ ಬೆಳ್ಳುಳ್ಳಿ ಹುರಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ನೀನು ಚಿಕ್ಕವಳಿದ್ದಾಗ ಬೆಳ್ಳುಳ್ಳಿ ಹಾಕುವ ಕೆಲಸ ನಿನ್ನದಿತ್ತು.

ಬೆಲ್ ಆಯಿತು. ಒಳಗೆ ಕರೆದೆ, ಕಾಫಿ ಕೊಟ್ಟೆ. ಅವಳು ಕಪ್ಪನ್ನು ಆ ಮೇಜುಬಟ್ಟೆಯ ಮೇಲೇ ಇಟ್ಟಳು, ರಾಕೆಲ್. ಮಿಷನ್ ಮೇಲೆ. ಕೆಳಗಿನ ಮೋಟರು ಇನ್ನೂ ಬಿಸಿಯಿತ್ತು.

"ನೀವು ಎಲ್ಲಿ ಕೆಲಸ ಮಾಡೋದು?" ಎಂದು ಕೇಳಿದಳು.

"ನಾನಾ? ನಾನೇನ್ ಕೆಲಸ ಮಾಡ್ತೀನಮ್ಮ. ಮನೇಲಿರ್ತೀನಿ, ಅಷ್ಟೇ."

ನನ್ನ ಬಾಯಿಂದ ಬಂದದ್ದು ಇದು. ಅವಳು ಮತ್ತೆ ಕೇಳಿದಳು, ಮೆತ್ತಗೆ ಕೇಳಿದಳು. ನಾನು ಮತ್ತೆ ಅದನ್ನೇ ಹೇಳಿದೆ. ಅವಳು ಬರೆದುಕೊಂಡು ಹೋದಳು. ಉಳಿದ ಆರು ಮನೆಗಳಲ್ಲೂ ಹೀಗೇ ಆಗಿದೆ. ಫೆಲಿಸಾಳ ಮಿಷನ್ ಮೇಲೆ ಸಂತ ಅಂತೋಣಿಯ ಬೊಂಬೆ ಇತ್ತಂತೆ.

ಅವಳು ಹೋದ ಮೇಲೆ ಪುರಿ ಬಂದು ಎದುರು ಕೂತಳು. "ವಿಸಿ, ನಾವೇ ತಾನೇ ಕರೆಸಿದ್ದು?" ಎಂದಳು. ಇಬ್ಬರೂ ಅತ್ತೆವು. ಅವಳನ್ನು ಇನ್ನೊಂದು ಸಲ ಕಳಿಸು ಮಗಳೇ. ಈ ಸಲ ಸರಿಯಾಗಿ ಹೇಳುತ್ತೇನೆ.

ಅಮ್ಮ


ನ್ಯೂರೆಂಬರ್ಗ್
10 ಮಾರ್ಚ್ 2025

ಅಮ್ಮ,

ವರದಿ ಬಂದಿದೆ. "ಏಳು ಮನೆಗಳಿಗೆ ಭೇಟಿ. ಮನೆಯಲ್ಲಿ ಕೆಲಸ ನಡೆಯುವ ಯಾವ ಕುರುಹೂ ಇಲ್ಲ." ನಿನ್ನ ಮನೆ ಸ್ವಚ್ಛವಾಗಿದೆ ಎಂದೂ ಬರೆದಿದ್ದಾಳೆ.

ಮತ್ತೆ ಕಳಿಸಿ ಎಂದು ಗುಡ್ರುನ್‌ಳನ್ನು ಬೇಡಿಕೊಂಡೆ. ಅಷ್ಟರಲ್ಲಿ ಬ್ರಸೆಲ್ಸ್‌ನವರು ಹೊಸ ರಾಗ ತೆಗೆದಿದ್ದಾರೆ. ಕಂಪನಿಗಳಿಗೆ ಹೊರೆ ಹೆಚ್ಚಾಯಿತಂತೆ, ಗಡುವು ಮುಂದೆ ಹಾಕಬೇಕಂತೆ, ನೇರವಾಗಿ ಮಾಲು ಕೊಡುವವರನ್ನು ಮಾತ್ರ ಕೇಳಿದರೆ ಸಾಕಂತೆ. ಇನ್ನೂ ತೀರ್ಮಾನವಾಗಿಲ್ಲ, ಆದರೆ ನಮ್ಮ ಆಫೀಸಿನಲ್ಲಿ ಆಗಲೇ ಎಲ್ಲರೂ ಉಸಿರು ಬಿಟ್ಟಿದ್ದಾರೆ.

"ಎಲಿಸೇಯೊ ಇಲ್ಲ ಅಂದಿದಾನೆ. ನೋಡೋಕೆ ಹೋದವಳೂ ಇಲ್ಲ ಅಂದಿದಾಳೆ. ಇನ್ನು ನಾನೇನು ಮಾಡ್ಲಿ ರಾಕೆಲ್?" ಎಂದಳು ಗುಡ್ರುನ್. ಅವಳು ಕೆಟ್ಟವಳಲ್ಲ. ಅವಳಿಗೂ ಸಾಕಾಗಿದೆ.

ಆರು ತಿಂಗಳು ಎಲ್ಲರ ಕೈಕಾಲು ಹಿಡಿದು ಅವಳನ್ನು ನಿನ್ನ ಅಡುಗೆಮನೆಯವರೆಗೆ ಕರೆತಂದೆ. ನೀನು ಒಂದು ಬಟ್ಟೆ ಹೊದಿಸಿ ಎಲ್ಲ ಮುಗಿಸಿದೆ. ಸುಮ್ಮನೆ ಕೂತಿದ್ದರೆ ಸಾಕಿತ್ತು ಅಮ್ಮ. ಏನೂ ಮಾಡದೆ ಇರು ಎಂದೇ ಬರೆದಿದ್ದೆ.

ನನಗೆ ಸುಸ್ತಾಗಿದೆ.

ರಾಕೆಲ್


ನ್ಯೂರೆಂಬರ್ಗ್
21 ಜುಲೈ 2025

ಅಮ್ಮ,

ನಾಲ್ಕು ತಿಂಗಳಾಯಿತು. ಫೋನ್ ಮಾಡಿದರೆ ಪುರಿ ಎತ್ತುತ್ತಾಳೆ, "ನಿಮ್ಮಮ್ಮ ಮಲಗಿದಾಳೆ" ಎನ್ನುತ್ತಾಳೆ. ಬೆಳಗಿನ ಹನ್ನೊಂದಕ್ಕೆ ನೀನು ಯಾವತ್ತು ಮಲಗಿದ್ದೆ?

ನಾನು ಹಾಗೆ ಬರೆಯಬಾರದಿತ್ತು. ಮೂವತ್ತೆಂಟು ವರ್ಷ ನಿನ್ನ ಕೈಗೆ ಬಚ್ಚಿಡುವುದನ್ನು ಕಲಿಸಿದವರು ಆರಾಮಾಗಿದ್ದಾರೆ. ನಾನು ಜಗಳವಾಡಿದ್ದು ನಿನ್ನ ಕೈಯ ಜೊತೆ. ಬ್ರಸೆಲ್ಸ್‌ನಲ್ಲಿ ಗಡುವನ್ನು ಒಂದು ವರ್ಷ ಮುಂದಕ್ಕೆ ಹಾಕಿದರು. ನಾನು ಈಗ ಕಳೆದ ಎರಡು ವರ್ಷ ಬರೆದ ಪ್ರಶ್ನೆಗಳನ್ನು ಅಳಿಸುವ ಕೆಲಸದಲ್ಲಿದ್ದೇನೆ. ನೂರಾ ಹನ್ನೆರಡು ಇದ್ದದ್ದು ಮೂವತ್ತಾರಕ್ಕೆ ಬಂದಿದೆ. ಒಂಬತ್ತನೆಯದು ಹೋಯಿತು.

ಒಂದು ಸಾಲು ಬರೆ. ಬೈದಾದರೂ ಬರೆ.

ರಾಕೆಲ್


ಎಲ್ಡಾ
29 ಸೆಪ್ಟೆಂಬರ್ 2025

ಮಗಳೇ,

ಬೈಯುವುದಿಲ್ಲ. ನೀನು ಬರೆದದ್ದು ಸರಿಯೇ ಇತ್ತು, ಅದಕ್ಕೇ ಅಷ್ಟು ದಿನ ಹಿಡಿಯಿತು.

ಜೂನ್ ಹಬ್ಬದ ಮೆರವಣಿಗೆ ನಮ್ಮ ಬೀದಿಯಲ್ಲಿ ಹೋಗುವಾಗ ಕಿಟಕಿಯಲ್ಲಿ ನಿಂತಿದ್ದೆ. ನಮ್ಮವರು ಹೊಲಿದ ಬೂಟುಗಳನ್ನು ಹಾಕಿಕೊಂಡು ಅರ್ಧ ಊರು ನಡೆಯುತ್ತಿತ್ತು. ಮಾರನೆಯ ದಿನ ಪುರಿಯನ್ನು ಕರೆದು ಮಿಷನ್ನನ್ನು ಎಳೆಸಿ ಕಿಟಕಿಯ ಪಕ್ಕ ಹಾಕಿಸಿದೆ, ಬೀದಿಗೆ ಕಾಣುವ ಹಾಗೆ. ಕಿಟಕಿ ತೆಗೆದಿಟ್ಟೇ ಹೊಲಿಯುತ್ತೇನೆ. ಮೊದಲ ವಾರ ಬೆನ್ನಿನ ಮೇಲೆ ಬಟ್ಟೆಯೇ ಇಲ್ಲವೇನೋ ಎನಿಸುತ್ತಿತ್ತು.

ತಾನೊ ನೋಡಿದ. "ವಿಸಿ, ತಲೆ ಕೆಟ್ಟಿದ್ಯಾ? ಕಿಟ್ಕಿ ಹಾಕು. ಯಜಮಾನರು ನೋಡಿದ್ರೆ?"

"ನೋಡ್ಲಿ. ಮೂವತ್ತೊಂಬತ್ತು ವರ್ಷದಿಂದ ನೋಡಿಲ್ಲ ಪಾಪ," ಅಂದೆ.

ಈಗ ನನ್ನ ಮನೆಗೆ ಚೀಲ ಬರುತ್ತಿಲ್ಲ. ಪುರಿ ತನ್ನ ಪಾಲಿನದರಲ್ಲಿ ಸ್ವಲ್ಪ ಗೋಡೆಯ ಆಚೆಯಿಂದ ದಾಟಿಸುತ್ತಾಳೆ. ಮಿಷನ್ ನಿಂತರೆ ಮನೆಯಲ್ಲಿ ನಿದ್ದೆ ಬರುವುದಿಲ್ಲ ನನಗೆ.

ನಿನ್ನ ಕೆಲಸ ಅಷ್ಟೊಂದು ಬೇಜಾರಾದರೆ ಬಿಟ್ಟು ಬಾ. ಬರದಿದ್ದರೂ ಹೊಟ್ಟೆ ತುಂಬ ಊಟ ಮಾಡು.

ಅಮ್ಮ


ನ್ಯೂರೆಂಬರ್ಗ್
15 ಡಿಸೆಂಬರ್ 2025

ಅಮ್ಮ,

ಹೋದ ವಾರ ಬ್ರಸೆಲ್ಸ್‌ನಲ್ಲಿ ಒಪ್ಪಂದವಾಯಿತು. ಐದು ಸಾವಿರಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಂಪನಿಗಳಿಗೆ ಮಾತ್ರ ಆ ಕಾನೂನು. ನಮ್ಮಲ್ಲಿ ಸಾವಿರದ ಇನ್ನೂರು ಜನ. ಜರ್ಮನಿಯದನ್ನೂ ಸಡಿಲಿಸುತ್ತಿದ್ದಾರೆ. ಆಫೀಸಿನಲ್ಲಿ ಕೇಕ್ ತಂದಿದ್ದರು. ನಾನೂ ಒಂದು ತುಂಡು ತಿಂದೆ.

ಆಮೇಲೆ ಗುಡ್ರುನ್ ಹಳೆಯ ಫೈಲುಗಳ ಪಟ್ಟಿ ಕೊಟ್ಟಳು. "ಇವೆಲ್ಲ ಇನ್ನು ಬೇಡ. ಕಳಿಸಿದೋರಿಗೆ ವಾಪಸ್ ಕಳ್ಸು, ಇಲ್ಲಾಂದ್ರೆ ಹರಿಯೋಕೆ ಹಾಕು. ನಿನ್ನಿಷ್ಟ." ಪಟ್ಟಿಯಲ್ಲಿ ನಿಮ್ಮ ಏಳು ನಮೂನೆಗಳಿದ್ದವು. ಅವಳಿಗೆ ಗೊತ್ತಿತ್ತು ಎನಿಸುತ್ತದೆ. ನನ್ನ ಮುಖ ನೋಡದೆ ಹೋದಳು.

ಕಳಿಸಿದವರಿಗೆ ವಾಪಸ್ ಕಳಿಸುತ್ತಿದ್ದೇನೆ. ಈ ಲಕೋಟೆಯಲ್ಲಿವೆ. ಹಾಳೆ ಹಾಳೆಗೂ ಆ ಮುದುಕ ಒತ್ತಿದ ಮುದ್ರೆ ಇದೆ ನೋಡು: ಕಂಪನಿಯ ಹೆಸರು, 14 ಜನವರಿ 2025, ಸ್ವೀಕರಿಸಲಾಗಿದೆ. ನಿಮ್ಮ ಹೆಸರು, ವಿಳಾಸ, ಇಸವಿ, ಎಲಿಸೇಯೊನ ಹೆಸರು, ಎಲ್ಲವನ್ನೂ ಒಂದು ಕಂಪನಿ ಕೈಯಾರೆ ಪಡೆದಿದೆ ಎಂದರ್ಥ. ವಕೀಲೆಗೆ ಫೋನಿನಲ್ಲಿ ಓದಿ ಹೇಳಿದೆ. "ವರದಿಯಷ್ಟು ಗಟ್ಟಿಯಲ್ಲ. ಆದ್ರೆ ಬರಿಗೈ ಅಲ್ಲ. ಒಬ್ಬ ಸಾಕ್ಷಿ ಬೇಕು," ಎಂದಳು.

ನಿನ್ನ ನಮೂನೆಯಲ್ಲಿ ನಲವತ್ತೊಂದನೇ ಪ್ರಶ್ನೆ ತೆಗೆದು ನೋಡು. ನಿನ್ನ ಉತ್ತರದ ಕೆಳಗೆ ಇವತ್ತಿನ ತಾರೀಖು ಹಾಕಿ ಬರೆದಿದ್ದೇನೆ: "ಆ ಮಗು ನಾನೇ. ಮೇಲಿನದು ನಿಜ. ಕರೆದಲ್ಲಿಗೆ ಬಂದು ಹೇಳುತ್ತೇನೆ." ಗುರುತಿನ ಚೀಟಿಯ ಸಂಖ್ಯೆಯನ್ನೂ ಹಾಕಿದ್ದೇನೆ. ಇದು ಆಫೀಸಿಗೆ ತಿಳಿದರೆ ನನ್ನ ಕುರ್ಚಿ ಉಳಿಯುವುದಿಲ್ಲ. ಎರಡು ವರ್ಷದಲ್ಲಿ ನಿಜವೆಂದು ತಿಳಿದು ಹಾಕಿದ ಸಹಿ ಇದೊಂದೇ ಅಮ್ಮ.

ರಾಕೆಲ್


ಎಲ್ಡಾ
19 ಜನವರಿ 2026

ನನ್ನ ರಾಕೆಲ್,

ಕಾಗದಗಳನ್ನು ವಕೀಲೆಗೆ ಕೊಟ್ಟೆವು. ಏಳರಲ್ಲಿ ಮೂವರು ಉಳಿದಿದ್ದೇವೆ: ನಾನು, ಫೆಲಿಸಾ, ಪುರಿ. ಉಳಿದವರನ್ನು ಬೈಯಲು ನನಗೆ ಮನಸ್ಸಿಲ್ಲ, ಅವರ ಮಕ್ಕಳು ಚಿಕ್ಕವರು. ನಿನ್ನ ಸಾಲು ಓದಿದ ದಿನ ನಾನು ಏನೂ ಹೊಲಿಯಲಿಲ್ಲ.

ಮನೆಯನ್ನು ನೋಡಲು ಸರ್ಕಾರದ ಇನ್ಸ್‌ಪೆಕ್ಟರೇ ಬರುತ್ತಾನಂತೆ. ಯಾವ ದಿನ ಎಂದು ಹೇಳುವುದಿಲ್ಲವಂತೆ. ನನಗೆ ಅದೇ ಭಯ. ಪುರಿ ಅಂದಳು: "ನಾನು ಗೋಡೆ ಗುದ್ದಲ್ಲ ಬಿಡು. ಬೇಕರಿಯವಳಿಗೂ ಹೇಳಿ ಬಂದಿದೀನಿ, ಬಾಯಿ ಮುಚ್ಕೊಂಡ್ ಬ್ರೆಡ್ ಮಾರು ಅಂತ." ಆದರೂ ಬೆಲ್ ಆದರೆ ನನ್ನ ಕೈ ಏನು ಮಾಡುತ್ತದೋ ನನಗೇ ಗೊತ್ತಿಲ್ಲ. ಹೋದ ವಾರ ಅಂಚೆಯವನು ಬಂದಾಗಲೂ ಎದ್ದಿತು.

ಅದಕ್ಕೆ ಶನಿವಾರ ಸಂತ ಅಂತೋಣಿಯ ಹಬ್ಬಕ್ಕೆ ಬೀದಿಯಲ್ಲಿ ಹಚ್ಚುವ ಬೆಂಕಿಗೆ ನಿಮ್ಮಪ್ಪನ ಮರದ ಪೆಟ್ಟಿಗೆಯನ್ನು ಹಾಕಿ ಬಂದೆ. ಒಳ್ಳೆಯ ಪೈನ್ ಮರ, ಚೆನ್ನಾಗಿ ಉರಿಯಿತು. ನಿಮ್ಮಪ್ಪ ಕ್ಷಮಿಸಲಿ. ಬಟ್ಟೆಯನ್ನು ಸುಡಲು ಮನಸ್ಸು ಬರಲಿಲ್ಲ, ನನ್ನಮ್ಮ ಅಂಚು ಹೊಲಿದದ್ದು ಅದು. ಮನೆಯಲ್ಲಿಟ್ಟರೆ ಕೈ ಹುಡುಕಿಕೊಳ್ಳುತ್ತದೆ. ಒಗೆದು, ಇಸ್ತ್ರಿ ಮಾಡಿ ಈ ಪೊಟ್ಟಣದಲ್ಲಿ ನಿನಗೆ ಕಳಿಸಿದ್ದೇನೆ. ನೀನು ಅಲ್ಲಿ ಊಟ ಮಾಡುವ ಮೇಜಿಗೆ ಹಾಕಿಕೋ. ಅದರ ಮೇಲೆ ತಟ್ಟೆ ಇಟ್ಟು ಊಟ ಮಾಡು, ಬೇರೆ ಯಾವುದಕ್ಕೂ ಅದನ್ನು ಹೊದಿಸಬೇಡ.

ನಿನ್ನ ಅಮ್ಮ,
ವಿಸಿತಾಸಿಯೋನ್ ಬೆರ್ನಬೆ
ಶೂ ಹೊಲಿಯುವವಳು, 1986ರಿಂದ